ತಂತ್ರಾಂಶ ಮಾರಾಟ ವೃತ್ತಿ

ತಂತ್ರಾಂಶ ಮಾರಾಟ ವೃತ್ತಿ ಎಂಬುದು ಗಣಕಯಂತ್ರದ ತಂತ್ರಾಂಶಗಳನ್ನು, ಅವುಗಳ ಬಳಕೆಯ ಪರವಾನಗಿಯನ್ನು ಹಾಗೂ ಅವುಗಳಿಗೆ ಸಂಬಂಧಿಸಿದ ಸೇವೆಗಳನ್ನು ಗ್ರಾಹಕರಿಗೆ ಪರಿಚಯಿಸಿ, ದರ ಮಾತನಾಡಿ, ಒಪ್ಪಂದಕ್ಕೆ ತರುವ ಉದ್ಯೋಗ. ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಉದ್ಯಮವನ್ನು ಕುರಿತ ಬರಹಗಳಲ್ಲಿ ತಂತ್ರಾಂಶ ರೂಪಿಸುವ ಎಂಜಿನಿಯರುಗಳ ಪ್ರಸ್ತಾಪವೇ ಹೆಚ್ಚು. ಆದರೆ ಪ್ರತಿಯೊಂದು ತಂತ್ರಾಂಶ ಸಂಸ್ಥೆಯಲ್ಲಿಯೂ ಅದನ್ನು ಮಾರುವವರ ಪ್ರತ್ಯೇಕ ವರ್ಗವೊಂದು ಇರುತ್ತದೆ. ಇವರ ದಿನಚರಿ, ವೇತನದ ರೀತಿ ಮತ್ತು ಕಾನೂನಿನಲ್ಲಿ ಇವರಿಗಿರುವ ಸ್ಥಾನ ಎಂಜಿನಿಯರುಗಳಿಗಿಂತ ಭಿನ್ನವಾದುದು.

ನಗರದಲ್ಲಿ ಈ ವೃತ್ತಿಯ ಎರಡು ಮುಖಗಳಿವೆ. ವಿದೇಶದ ಗ್ರಾಹಕರಿಗೆ ದೂರವಾಣಿ ಮತ್ತು ವಿಡಿಯೊ ಕರೆಯ ಮೂಲಕ ಮಾರುವ ಕೆಲಸ ಒಂದು. ಇದು ವೈಟ್‌ಫೀಲ್ಡ್, ಹೊರವರ್ತುಲ ರಸ್ತೆ, ಕೋರಮಂಗಲಗಳ ಕಚೇರಿಗಳಲ್ಲಿ ಹೆಚ್ಚು. ಊರಿನ ಅಂಗಡಿ, ಕಾರ್ಖಾನೆ, ಆಸ್ಪತ್ರೆ, ಶಾಲೆಗಳಿಗೆ ನೇರವಾಗಿ ಹೋಗಿ ಮಾರುವ ಕೆಲಸ ಇನ್ನೊಂದು. ಸಣ್ಣ ಕೈಗಾರಿಕೆ ಮತ್ತು ಚಿಲ್ಲರೆ ವ್ಯಾಪಾರ ಒತ್ತಾಗಿರುವ ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ, ಕಾಮಾಕ್ಷಿಪಾಳ್ಯಗಳಂತಹ ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಎರಡನೆಯ ಬಗೆಯನ್ನು ಹತ್ತಿರದಿಂದ ನೋಡಬಹುದು.

ಹಿನ್ನೆಲೆ

ಆರಂಭದ ದಶಕಗಳಲ್ಲಿ ತಂತ್ರಾಂಶವು ಯಂತ್ರದ ಜೊತೆಗೇ ಬರುತ್ತಿದ್ದ ವಸ್ತುವಾಗಿತ್ತು. ಅದಕ್ಕೆ ಬೇರೆ ಬೆಲೆ ಇರಲಿಲ್ಲ. 1969ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು ಯಂತ್ರ ಮತ್ತು ತಂತ್ರಾಂಶಗಳಿಗೆ ಪ್ರತ್ಯೇಕ ದರ ನಿಗದಿಪಡಿಸುವುದಾಗಿ ಪ್ರಕಟಿಸಿತು. ತಂತ್ರಾಂಶವನ್ನೇ ಸರಕೆಂದು ಮಾರುವ ವೃತ್ತಿ ಬೆಳೆಯಲು ಈ ತೀರ್ಮಾನವು ಮುಖ್ಯ ಕಾರಣವಾಯಿತು.

ಬೆಂಗಳೂರಿನ ಸಂಸ್ಥೆಗಳು ಮೊದಲು ಮಾರಿದ್ದು ಹೆಚ್ಚಾಗಿ ಸೇವೆಯನ್ನು. 1981ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಗಿ 1983ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್‌ನ ಮೊದಲ ಗ್ರಾಹಕ ನ್ಯೂಯಾರ್ಕಿನ ಡೇಟಾ ಬೇಸಿಕ್ಸ್ ಕಾರ್ಪೊರೇಷನ್. ಅಲ್ಲಿ ಮಾರಾಟವಾದುದು ಸಿದ್ಧ ತಂತ್ರಾಂಶವಲ್ಲ, ಎಂಜಿನಿಯರುಗಳ ಕೆಲಸದ ಗಂಟೆಗಳು. ಸಿದ್ಧ ತಂತ್ರಾಂಶವನ್ನು ದೇಶದೊಳಗೆ ಮಾರಿ ನೆಲೆಯೂರಿದ ಸಂಸ್ಥೆಗಳಲ್ಲಿ ಹೆಸರಾದುದು ಟ್ಯಾಲಿ. ಶ್ಯಾಮ್ ಸುಂದರ್ ಗೋಯೆಂಕಾ ಅವರು ಕಾರ್ಖಾನೆಗಳಿಗೆ ಕಚ್ಚಾ ವಸ್ತು ಹಾಗೂ ಯಂತ್ರಗಳ ಬಿಡಿಭಾಗ ಪೂರೈಸುವ ವ್ಯಾಪಾರದಲ್ಲಿದ್ದರು. ತಮ್ಮ ಲೆಕ್ಕಪತ್ರಗಳಿಗೆ ಹೊಂದುವ ತಂತ್ರಾಂಶ ದೊರೆಯದಿದ್ದಾಗ ಅದನ್ನು ರಚಿಸುವಂತೆ ಮಗ ಭರತ್ ಗೋಯೆಂಕಾ ಅವರಿಗೆ ಹೇಳಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಸಂಸ್ಥೆಗೆ 1999ರಲ್ಲಿ ಟ್ಯಾಲಿ ಸೊಲ್ಯೂಷನ್ಸ್ ಎಂಬ ಹೆಸರು ಬಂದಿತು. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಲಭಿಸಿತು. ಈ ತಂತ್ರಾಂಶವು ಬಹುಪಾಲು ಪಾಲುದಾರ ವಿತರಕರ ಮೂಲಕ ಮಾರಾಟವಾಗುತ್ತದೆ. ಹೀಗಾಗಿ ಬಡಾವಣೆಯ ಮುಖ್ಯರಸ್ತೆಯ ಮೊದಲ ಮಹಡಿಯಲ್ಲಿ ಎರಡು ಕೊಠಡಿ ಹಿಡಿದು, ನಾಲ್ಕೈದು ಜನರನ್ನಿಟ್ಟುಕೊಂಡು ಮಾರಾಟ ಮತ್ತು ದುರಸ್ತಿ ಸೇವೆ ನಡೆಸುವ ಸಣ್ಣ ಸಂಸ್ಥೆಗಳ ಒಂದು ಜಾಲವೇ ಬೆಳೆದಿದೆ. 'ತಂತ್ರಾಂಶ ಕಂಪನಿ' ಎಂದಾಗ ಗಾಜಿನ ಕಟ್ಟಡವನ್ನು ನೆನೆಯುವವರಿಗೆ ಈ ಜಾಲ ಸಾಮಾನ್ಯವಾಗಿ ಕಾಣುವುದಿಲ್ಲ.

ಪಶ್ಚಿಮ ಬೆಂಗಳೂರಿನ ಮಾರುಕಟ್ಟೆ

ರಾಜಾಜಿನಗರದ ಕೈಗಾರಿಕಾ ಬಡಾವಣೆ ನಗರದ ಹಳೆಯ ಕೈಗಾರಿಕಾ ಪ್ರದೇಶಗಳಲ್ಲೊಂದು. ಮಾಗಡಿ ರಸ್ತೆಯ ಉದ್ದಕ್ಕೂ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಗಳವರೆಗೆ ಲೇತ್ ಯಂತ್ರ, ಅಚ್ಚು ತಯಾರಿಕೆ, ಲೇಪನ, ಪ್ಲಾಸ್ಟಿಕ್ ಮತ್ತು ಮುದ್ರಣದ ಸಣ್ಣ ಘಟಕಗಳು ಹರಡಿವೆ; ಉತ್ತರಕ್ಕೆ ಪೀಣ್ಯ ಇದೆ. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ಸಣ್ಣ ಕೈಗಾರಿಕೆಗಳ ಸಂಘದ (ಕಾಸಿಯಾ) ಕಚೇರಿ ಇರುವುದು ವಿಜಯನಗರದಲ್ಲಿಯೇ. ಲೆಕ್ಕಪತ್ರ, ದಾಸ್ತಾನು, ಸಂಬಳಪಟ್ಟಿ ಮತ್ತು ಬಿಲ್ಲಿಂಗ್ ತಂತ್ರಾಂಶ ಮಾರುವವರಿಗೆ ಈ ಘಟಕಗಳೂ, ವಿಜಯನಗರದ ಜವಳಿ, ಔಷಧಿ, ದಿನಸಿ, ಹಾರ್ಡ್‌ವೇರ್ ಅಂಗಡಿಗಳೂ ಸಹಜ ಗ್ರಾಹಕರು.

ಇಲ್ಲಿ ಮಾರಾಟದ ಮಾತು ನಡೆಯುವುದು ಕನ್ನಡದಲ್ಲಿ. ಅಂಗಡಿಯನ್ನು ಅವಲಂಬಿಸಿ ಹಿಂದಿ, ತಮಿಳು, ತೆಲುಗು, ಉರ್ದುವಿನಲ್ಲಿಯೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ತಯಾರಾದ ಪ್ರಚಾರ ಪುಸ್ತಿಕೆಯ ಉಪಯೋಗ ಅಷ್ಟಕ್ಕಷ್ಟೆ. ಬಂದವರಿಗೆ ಕುಳಿತು ಮಾತನಾಡಲು ಇಪ್ಪತ್ತು ನಿಮಿಷ ಸಿಕ್ಕರೆ ಹೆಚ್ಚು. ಅಷ್ಟರಲ್ಲಿ ಮಾಲೀಕರಿಗೆ ಗಿರಾಕಿ, ಸರಕಿನ ಗಾಡಿ, ದೂರವಾಣಿ ಕರೆ ಬಂದಿರುತ್ತದೆ. ಬೆಳಗಿನ ಬೋಣಿ ಆಗುವ ಮುನ್ನ ಹೋಗಬಾರದು, ಸಂಜೆ ವ್ಯಾಪಾರದ ಹೊತ್ತಿಗೆ ಹೋಗಬಾರದು ಎಂಬುದನ್ನು ಹೊಸಬರು ಮೊದಲ ತಿಂಗಳಲ್ಲೇ ಕಲಿಯುತ್ತಾರೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗಿನ ಅವಧಿಯೇ ಕೆಲಸಕ್ಕೆ ಬರುವ ಸಮಯ. ಆಷಾಢ ಮಾಸದಲ್ಲಿ ಹೊಸ ಖರೀದಿಯನ್ನು ಮುಂದೂಡುವ ಮನೆತನದ ವ್ಯಾಪಾರಿಗಳು 'ಶ್ರಾವಣ ಬರಲಿ ನೋಡೋಣ' ಎನ್ನುವುದುಂಟು. ಗುರಿಯನ್ನು ಲೆಕ್ಕಹಾಕುವ ಕಚೇರಿಗೆ ಆಷಾಢದ ಪರಿವೆ ಇರುವುದಿಲ್ಲವಾದ್ದರಿಂದ, ಜುಲೈ ತಿಂಗಳು ಬಡಾವಣೆಯಲ್ಲಿ ತಿರುಗುವ ಮಾರಾಟಗಾರನಿಗೆ ಕಷ್ಟದ್ದು.

ಹಣ ಕೊಡುವವರು ಮಾಲೀಕರೇ ಆದರೂ ತೀರ್ಮಾನ ಅವರೊಬ್ಬರದೇ ಅಲ್ಲ. 'ಆಡಿಟರ್ ಹತ್ರ ಕೇಳಿ ಹೇಳ್ತೀನಿ ಸಾರ್' ಎಂಬುದು ಈ ಕ್ಷೇತ್ರದಲ್ಲಿ ಪ್ರತಿದಿನ ಕೇಳಿಬರುವ ಮಾತು. ವ್ಯಾಪಾರಿಯ ತೆರಿಗೆ ವಿವರಪಟ್ಟಿ ಸಲ್ಲಿಸುವ ಲೆಕ್ಕಪರಿಶೋಧಕರು ಯಾವ ತಂತ್ರಾಂಶವನ್ನು ಬಳಸುತ್ತಾರೋ ವ್ಯಾಪಾರಿಯೂ ಸಾಮಾನ್ಯವಾಗಿ ಅದನ್ನೇ ಕೊಳ್ಳುತ್ತಾನೆ. ಒಬ್ಬ ಲೆಕ್ಕಪರಿಶೋಧಕರ ವಿಶ್ವಾಸ ಗಳಿಸಿದರೆ ಅವರ ಹತ್ತಾರು ಕಕ್ಷಿದಾರರ ಬಾಗಿಲು ತೆರೆಯುತ್ತದೆ. ಆದ್ದರಿಂದ ಅನುಭವಿ ಮಾರಾಟಗಾರರು ಅಂಗಡಿಗಿಂತ ಮೊದಲು ಅವರ ಕಚೇರಿಗೆ ಹೋಗುತ್ತಾರೆ. ವರ್ಷಗಳಿಂದ ಕೈಬರಹದಲ್ಲಿ ಲೆಕ್ಕ ಬರೆಯುತ್ತಿರುವ ಗುಮಾಸ್ತರು ಇನ್ನೊಬ್ಬ ಮುಖ್ಯ ವ್ಯಕ್ತಿ. ಹೊಸ ತಂತ್ರಾಂಶ ಬಂದರೆ ತಮ್ಮ ಕೆಲಸ ಹೋಗುತ್ತದೆಂಬ ಭಯ ಅವರಿಗೆ ಇರುತ್ತದೆ, ಅದು ಪೂರ್ತಿ ಆಧಾರರಹಿತವೂ ಅಲ್ಲ. ಅವರನ್ನು ಬದಿಗಿಟ್ಟು ಮಾರಿದ ತಂತ್ರಾಂಶ ಮೂರು ತಿಂಗಳಲ್ಲಿ ಬಳಕೆಯಿಲ್ಲದೆ ಬೀಳುವುದೂ, ಮರುವರ್ಷದ ನವೀಕರಣ ಕೈತಪ್ಪುವುದೂ ಸಾಮಾನ್ಯ.

ನಕಲಿ ಪ್ರತಿಗಳ ಬಳಕೆ ಈ ಮಾರುಕಟ್ಟೆಯ ಇನ್ನೊಂದು ವಾಸ್ತವ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ವಿಧಿಯಂತೆ, ಅಕ್ರಮ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಬಳಸುವುದು ಕನಿಷ್ಠ 7 ದಿನಗಳಿಂದ 3 ವರ್ಷದವರೆಗಿನ ಸೆರೆವಾಸ ಹಾಗೂ 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗಬಹುದಾದ ಅಪರಾಧ. ಆದರೆ ಕಾನೂನಿನ ಹೆದರಿಕೆ ಹುಟ್ಟಿಸಿ ಮಾರಿದವರನ್ನು ಗ್ರಾಹಕ ಮತ್ತೆ ಒಳಗೆ ಬಿಡುವುದಿಲ್ಲ. ನಕಲಿ ಪ್ರತಿಗೆ ತೆರಿಗೆ ನಿಯಮಗಳ ಪರಿಷ್ಕರಣೆಗಳು ಬರುವುದಿಲ್ಲ, ಮಾಹಿತಿ ಕೆಟ್ಟರೆ ಕೇಳುವವರಿಲ್ಲ ಎಂಬ ವಾದವೇ ಹೆಚ್ಚು ಫಲ ಕೊಡುತ್ತದೆ.

ತೆರಿಗೆ ಕಾನೂನು ಮತ್ತು ಮಾರಾಟದ ಸುಗ್ಗಿ

ಸಣ್ಣ ವ್ಯಾಪಾರಿಗಳು ತಂತ್ರಾಂಶವನ್ನು ಕೊಳ್ಳುವುದು ಅನುಕೂಲಕ್ಕಿಂತ ಹೆಚ್ಚಾಗಿ ಅನಿವಾರ್ಯತೆಯಿಂದ. ಹೀಗಾಗಿ ತೆರಿಗೆ ಪದ್ಧತಿಯ ಪ್ರತಿಯೊಂದು ಬದಲಾವಣೆಯೂ ಮಾರಾಟದ ಸುಗ್ಗಿಯಾಗಿ ಪರಿಣಮಿಸಿದೆ. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆಯೂ 2017ರ ಜುಲೈ 1ರಂದು ದೇಶಾದ್ಯಂತ ಸರಕು ಮತ್ತು ಸೇವಾ ತೆರಿಗೆಯೂ (ಜಿಎಸ್‌ಟಿ) ಜಾರಿಗೆ ಬಂದವು. 2018ರ ಏಪ್ರಿಲ್‌ನಿಂದ ಇ-ವೇ ಬಿಲ್ ಕಡ್ಡಾಯವಾಯಿತು. ಇ-ಇನ್ವಾಯ್ಸ್ ಪದ್ಧತಿ 2020ರ ಅಕ್ಟೋಬರ್‌ನಲ್ಲಿ ವಾರ್ಷಿಕ 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಅನ್ವಯವಾಗಿ ಆರಂಭವಾಯಿತು. ಆ ಮಿತಿಯು 2021ರಲ್ಲಿ ಮೊದಲು 100 ಕೋಟಿಗೆ, ಅನಂತರ 50 ಕೋಟಿಗೆ, 2022ರಲ್ಲಿ 20 ಕೋಟಿಗೆ ಮತ್ತು 10 ಕೋಟಿಗೆ, 2023ರ ಆಗಸ್ಟ್ 1ರಂದು 5 ಕೋಟಿಗೆ ಇಳಿಯಿತು. ಮೊದಲ ಹಂತಗಳಲ್ಲಿ ದೊಡ್ಡ ಕಂಪನಿಗಳಿಗಷ್ಟೇ ಸಂಬಂಧಿಸಿದ್ದ ನಿಯಮವು ಕೊನೆಯ ಹಂತಕ್ಕೆ ಬರುವಷ್ಟರಲ್ಲಿ ಮಧ್ಯಮ ಗಾತ್ರದ ಕಾರ್ಖಾನೆ ಮತ್ತು ಸಗಟು ಅಂಗಡಿಗಳ ಬಾಗಿಲಿಗೆ ಬಂದಿತ್ತು. 2023ರ ಏಪ್ರಿಲ್ 1ರಿಂದ ನೋಂದಾಯಿತ ಕಂಪನಿಗಳ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನು ದಾಖಲಿಸಬೇಕೆಂಬ ನಿಯಮವೂ ಹಳೆಯ ಆವೃತ್ತಿಗಳನ್ನು ಬದಲಾಯಿಸುವಂತೆ ಮಾಡಿತು.

ಭಯವನ್ನು ಬಂಡವಾಳ ಮಾಡಿಕೊಳ್ಳುವ ಪ್ರಲೋಭನೆ ಮಾರಾಟಗಾರನಿಗೆ ಎದುರಾಗುವುದು ಇಂತಹ ಸಂದರ್ಭಗಳಲ್ಲಿಯೇ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಪಾವತಿಗಳ ಅಂಕಿ-ಅಂಶಗಳನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸುಗಳನ್ನು ನೀಡಿದಾಗ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರು ಗಾಬರಿಗೊಂಡರು. ಬೆಂಗಳೂರಿನ ಹಲವು ಅಂಗಡಿಗಳು ಕ್ಯೂಆರ್ ಕೋಡ್ ಫಲಕಗಳನ್ನು ತೆಗೆದು 'ನಗದು ಮಾತ್ರ' ಎಂದು ಬರೆದುಹಾಕಿದವು. ಜುಲೈ 25ಕ್ಕೆ ನೀಡಲಾಗಿದ್ದ ಬಂದ್ ಕರೆಯನ್ನು ಮುಖ್ಯಮಂತ್ರಿಗಳೊಂದಿಗಿನ ಸಭೆಯ ಬಳಿಕ ಹಿಂಪಡೆಯಲಾಯಿತು. ಸರಕು ಮಾರುವವರು ವಾರ್ಷಿಕ 40 ಲಕ್ಷ ರೂಪಾಯಿ, ಸೇವೆ ಒದಗಿಸುವವರು 20 ಲಕ್ಷ ರೂಪಾಯಿ ವಹಿವಾಟು ದಾಟಿದಾಗ ನೋಂದಣಿ ಕಡ್ಡಾಯ; ಹಾಲು, ತಾಜಾ ತರಕಾರಿಯಂತಹ ಪದಾರ್ಥಗಳಿಗೆ ತೆರಿಗೆಯೇ ಇಲ್ಲ. ತರಕಾರಿ ಮಾತ್ರ ಮಾರುವ ಅಂಗಡಿಯವರಿಗೆ ದುಬಾರಿ ಬಿಲ್ಲಿಂಗ್ ವ್ಯವಸ್ಥೆ ಮಾರುವುದೂ, 'ನಿಮಗೆ ಸದ್ಯಕ್ಕೆ ಬೇಕಾಗಿಲ್ಲ' ಎಂದು ಹೇಳಿ ಬರುವುದೂ ಮಾರಾಟಗಾರನ ವಿವೇಚನೆಗೆ ಬಿಟ್ಟದ್ದು. ಎರಡನೆಯದನ್ನು ಮಾಡಿದವರಿಗೆ ಆ ತಿಂಗಳ ಪಟ್ಟಿಯಲ್ಲಿ ಅಂಕ ಸಿಗುವುದಿಲ್ಲ.

ಬೆಲೆಯ ಮಾತಿನಲ್ಲಿಯೂ ತೆರಿಗೆ ಬರುತ್ತದೆ. ತಂತ್ರಾಂಶದ ಮೇಲೆ ಶೇ. 18ರಷ್ಟು ಜಿಎಸ್‌ಟಿ ಇದೆ. ನೋಂದಾಯಿತ ವ್ಯಾಪಾರಿ ಇದನ್ನು ಹೂಡುವಳಿ ತೆರಿಗೆ ಜಮೆಯಾಗಿ ಮರಳಿ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೂ ನೋಂದಣಿ ಇಲ್ಲದವರಿಗೂ ಆ ಸೌಲಭ್ಯವಿಲ್ಲ. ಆದ್ದರಿಂದ ಒಂದೇ ದರವು ಅಕ್ಕಪಕ್ಕದ ಎರಡು ಅಂಗಡಿಗಳಿಗೆ ಬೇರೆ ಬೇರೆ ವೆಚ್ಚವಾಗುತ್ತದೆ.

ಕೆಲಸದ ಕ್ರಮ

ಆಸಕ್ತಿ ತೋರಬಹುದಾದ ಗ್ರಾಹಕನ ವಿವರವನ್ನು 'ಲೀಡ್' ಎನ್ನುತ್ತಾರೆ. ಲೀಡ್‌ಗಳು ವಿಚಾರಣೆ, ಪರಿಚಿತರ ಶಿಫಾರಸು, ಕೈಗಾರಿಕಾ ಮೇಳ ಅಥವಾ ಪೂರ್ವಪರಿಚಯವಿಲ್ಲದ ಕರೆಗಳಿಂದ ದೊರೆಯುತ್ತವೆ. ಅನಂತರ ಗ್ರಾಹಕನ ಅಗತ್ಯ, ಹಣದ ಲಭ್ಯತೆ ಮತ್ತು ತೀರ್ಮಾನಿಸುವ ಅಧಿಕಾರ ಯಾರದೆಂಬುದನ್ನು ಅರಿತು, ಡೆಮೊ ತೋರಿಸಿ, ದರಪಟ್ಟಿ ಕೊಟ್ಟು, ಚೌಕಾಸಿ ಮುಗಿಸಿ, ಖರೀದಿ ಆದೇಶ ಪಡೆಯಲಾಗುತ್ತದೆ. ಈ ಪ್ರತಿಯೊಂದು ಹೆಜ್ಜೆಯನ್ನೂ ಗ್ರಾಹಕ ಸಂಬಂಧ ನಿರ್ವಹಣೆಯ ತಂತ್ರಾಂಶದಲ್ಲಿ ನಮೂದಿಸಬೇಕು. ಸಂಜೆ ಆರರ ಮೇಲೆ ದಿನದ ಭೇಟಿಗಳನ್ನು ಅದಕ್ಕೆ ತುಂಬುತ್ತ ಕೂರುವುದು ಬಹುತೇಕ ಮಾರಾಟಗಾರರಿಗೆ ಬೇಸರದ ಕೆಲಸ.

ಪೂರ್ವಪರಿಚಯವಿಲ್ಲದ ಕರೆಗಳಿಗೆ ಕಾನೂನಿನ ಮಿತಿಯೂ ಇದೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಾವಳಿಯಂತೆ ಪ್ರಚಾರ ಕರೆಗಳು ನೋಂದಾಯಿತ ಮಾರ್ಗದಲ್ಲಿಯೇ ಹೋಗಬೇಕು. ಅದಕ್ಕಾಗಿ 140ರಿಂದ ಆರಂಭವಾಗುವ ಸಂಖ್ಯೆಗಳನ್ನು ಮೀಸಲಿಡಲಾಗಿದೆ. ಸ್ವಂತ ಮೊಬೈಲಿನಿಂದ ದಿನಕ್ಕೆ ನೂರು ಕರೆ ಮಾಡಿಸುವ ಸಂಸ್ಥೆಯಲ್ಲಿ ದೂರು ಬಂದಾಗ ಸ್ಥಗಿತವಾಗುವುದು ನೌಕರನ ಸಂಖ್ಯೆ.

ಹಿಂದೆ ತಂತ್ರಾಂಶವನ್ನು ಒಮ್ಮೆ ಮಾರಿದರೆ ವ್ಯವಹಾರ ಮುಗಿಯುತ್ತಿತ್ತು. ಚಂದಾ ಪದ್ಧತಿ ಬಂದ ಮೇಲೆ ಮಾರಾಟವು ಪ್ರತಿವರ್ಷ ನವೀಕರಣವಾಗಬೇಕಾದ ಸಂಬಂಧವಾಗಿದೆ. ಇಲ್ಲಿಯೇ ಮಾರಾಟ ವಿಭಾಗಕ್ಕೂ ತಂತ್ರಜ್ಞರಿಗೂ ನಡುವಿನ ಹಳೆಯ ಜಗಳ ಹೆಚ್ಚು ತೀವ್ರವಾಗುವುದು. ಇನ್ನೂ ಸಿದ್ಧವಾಗದ ಸೌಲಭ್ಯವನ್ನು 'ಮುಂದಿನ ತಿಂಗಳು ಬರುತ್ತದೆ' ಎಂದು ಹೇಳಿ ಆದೇಶ ಪಡೆದರೆ, ಅದನ್ನು ತಯಾರಿಸುವ ಹೊಣೆ ಎಂಜಿನಿಯರಿನದು, ಗ್ರಾಹಕನ ಬೈಗುಳ ಸೇವಾ ವಿಭಾಗದ್ದು. ಆದರೆ ಗ್ರಾಹಕನಿಗೆ ಗೊತ್ತಿರುವುದು ಮಾರಾಟಗಾರನ ಮುಖ ಮತ್ತು ಮೊಬೈಲ್ ಸಂಖ್ಯೆ ಮಾತ್ರ. ವಿಜಯನಗರದಂತಹ ಬಡಾವಣೆಯಲ್ಲಿ ಅದೇ ರಸ್ತೆಯಲ್ಲಿ ನಾಳೆ ಮತ್ತೆ ನಡೆಯಬೇಕಾದವನು ಇದನ್ನು ಬೇಗ ಅರಿಯುತ್ತಾನೆ.

ದೂರದ ಗ್ರಾಹಕರು

ವಿದೇಶಕ್ಕೆ ಮಾರುವವರ ದಿನ ಗ್ರಾಹಕನ ಗಡಿಯಾರವನ್ನು ಅನುಸರಿಸುತ್ತದೆ. ಲಂಡನ್ನಿನಲ್ಲಿ ಬೆಳಗಿನ 9 ಗಂಟೆಯಾದಾಗ ಬೆಂಗಳೂರಿನಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ 2:30. ನ್ಯೂಯಾರ್ಕಿನ 9 ಗಂಟೆ ಇಲ್ಲಿನ ಸಂಜೆ 7:30. ಸ್ಯಾನ್ ಫ್ರಾನ್ಸಿಸ್ಕೊದ 9 ಗಂಟೆ ರಾತ್ರಿ 10:30. ಅಲ್ಲಿ ಬೇಸಿಗೆಯ ಸಮಯ ಜಾರಿಯಲ್ಲಿರುವಾಗ ಇವೆಲ್ಲ ಒಂದು ಗಂಟೆ ಮುಂಚಿತವಾಗುತ್ತವೆ. ನಮ್ಮ ಹಬ್ಬಗಳಿಗೆ ಅಲ್ಲಿ ರಜೆಯಿಲ್ಲ. ಯುಗಾದಿಯ ಸಂಜೆ ಮನೆಯವರೆಲ್ಲ ನಡುಮನೆಯಲ್ಲಿರುವಾಗ ಕೊಠಡಿಯ ಬಾಗಿಲು ಹಾಕಿಕೊಂಡು ಡೆಮೊ ಕೊಡುವುದು ಈ ಉದ್ಯೋಗದಲ್ಲಿ ವಿಶೇಷವೇನಲ್ಲ.

ನಮ್ಮ ಮೆಟ್ರೊದ ನೇರಳೆ ಮಾರ್ಗವು 2015ರ ನವೆಂಬರ್‌ನಲ್ಲಿ ವಿಜಯನಗರದ ಮೂಲಕ ಮೈಸೂರು ರಸ್ತೆಯವರೆಗೆ, 2021ರ ಆಗಸ್ಟ್‌ನಲ್ಲಿ ಕೆಂಗೇರಿಯವರೆಗೆ ತೆರೆಯಿತು. 2023ರ ಅಕ್ಟೋಬರ್ 9ರಿಂದ ಅದು ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ನಿರಂತರವಾಗಿ ಓಡುತ್ತಿದೆ. ಪಶ್ಚಿಮದ ಬಡಾವಣೆಗಳಲ್ಲಿ ಮನೆಯಿಟ್ಟುಕೊಂಡು ಪೂರ್ವದ ಕಚೇರಿಗಳಿಗೆ ಹೋಗುವವರಿಗೆ ಇದರಿಂದ ಬಹಳ ಅನುಕೂಲವಾಗಿದೆ. ಆದರೆ ಅಮೆರಿಕದ ಪಶ್ಚಿಮ ಕರಾವಳಿಯ ಕರೆಗಳು ಮುಗಿಯುವ ಹೊತ್ತಿಗೆ ಕೊನೆಯ ರೈಲು ಹೊರಟುಹೋಗಿರುತ್ತದೆ.

ಸರ್ಕಾರಿ ಖರೀದಿ

ಸರ್ಕಾರಿ ಇಲಾಖೆಗಳಿಗೆ ಮಾರುವುದು ಬೇರೆಯೇ ವಿದ್ಯೆ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ಮೂಲಕವೇ ಖರೀದಿ ನಡೆಯಬೇಕು. ಮುಂಗಡ ಠೇವಣಿ, ಹಿಂದಿನ ವಹಿವಾಟಿನ ದಾಖಲೆ, ತಾಂತ್ರಿಕ ಅರ್ಹತೆಗಳನ್ನು ದಾಟಿದ ಮೇಲೆ ಸಾಮಾನ್ಯವಾಗಿ ಅತಿ ಕಡಿಮೆ ದರ ನಮೂದಿಸಿದವರಿಗೆ ಆದೇಶ ಸಿಗುತ್ತದೆ. ಕೇಂದ್ರದ ಸಂಸ್ಥೆಗಳು 2016ರಲ್ಲಿ ಆರಂಭವಾದ ಜೆಮ್ ಜಾಲತಾಣದ ಮೂಲಕ ಕೊಳ್ಳುತ್ತವೆ. ಇಲ್ಲಿ ಮಾತಿನ ಚಾತುರ್ಯಕ್ಕಿಂತ ಕಾಗದಪತ್ರಗಳ ಅಚ್ಚುಕಟ್ಟು ಮುಖ್ಯ.

ಗುರಿ ಮತ್ತು ವೇತನ

ಮಾರಾಟಗಾರರ ವೇತನವು ಸ್ಥಿರ ಭಾಗ ಮತ್ತು ಗುರಿ ಮುಟ್ಟಿದರೆ ಸಿಗುವ ಇನ್ಸೆಂಟಿವ್ ಎಂಬ ಎರಡು ಭಾಗಗಳಲ್ಲಿರುತ್ತದೆ. ಉದಾಹರಣೆಗೆ, ವಾರ್ಷಿಕ 10 ಲಕ್ಷ ರೂಪಾಯಿಯ ಹುದ್ದೆಯು 70:30ರ ಅನುಪಾತದಲ್ಲಿದ್ದರೆ ಖಚಿತವಾಗಿ ಬರುವುದು 7 ಲಕ್ಷ, ಅಂದರೆ ಕಡಿತಗಳಿಗೆ ಮೊದಲು ತಿಂಗಳಿಗೆ ಸುಮಾರು 58,000 ರೂಪಾಯಿ. ಉಳಿದ 3 ಲಕ್ಷ ಗುರಿಗೆ ಕಟ್ಟಿದ್ದು. ಗುರಿಯ ನಿರ್ದಿಷ್ಟ ಭಾಗವನ್ನು ತಲುಪದಿದ್ದರೆ ಇನ್ಸೆಂಟಿವ್ ಸೊನ್ನೆಯೆಂದೂ, ಗ್ರಾಹಕ ಹಣ ಪಾವತಿಸದಿದ್ದರೆ ಅಥವಾ ಬೇಗ ಬಿಟ್ಟುಹೋದರೆ ಕೊಟ್ಟದ್ದನ್ನು ವಾಪಸು ಹಿಡಿಯಲಾಗುವುದೆಂದೂ ಹಲವು ಯೋಜನೆಗಳಲ್ಲಿ ಷರತ್ತು ಇರುತ್ತದೆ. ಉದ್ಯೋಗ ಪತ್ರದ ಮೊದಲ ಪುಟದ ದೊಡ್ಡ ಮೊತ್ತವನ್ನು ನಂಬಿ ಮನೆ ಬಾಡಿಗೆ ಅಥವಾ ಸಾಲದ ಕಂತನ್ನು ಗೊತ್ತುಮಾಡಿಕೊಂಡವರು ಒಂದೆರಡು ತ್ರೈಮಾಸಿಕ ಸೋತರೆ ಇಕ್ಕಟ್ಟಿಗೆ ಸಿಲುಕುತ್ತಾರೆ. ಇದಕ್ಕೆ ಪ್ರತಿಯಾಗಿ, ಉತ್ತಮ ವರ್ಷದಲ್ಲಿ ಒಬ್ಬ ಮಾರಾಟಗಾರ ಅದೇ ಅನುಭವದ ಎಂಜಿನಿಯರಿಗಿಂತ ಹೆಚ್ಚು ಗಳಿಸುವುದೂ ಉಂಟು. ಎಂಜಿನಿಯರಿಂಗ್ ಪದವಿಯಿಲ್ಲದೆ ತಂತ್ರಾಂಶ ಉದ್ಯಮವನ್ನು ಸೇರಲು ಬಿ.ಕಾಂ., ಬಿಬಿಎಂ ಓದಿದವರಿಗೆ ಇರುವ ಮುಖ್ಯ ದಾರಿಗಳಲ್ಲಿ ಇದೂ ಒಂದು.

ಗುರಿಯನ್ನು ತಿಂಗಳು ಅಥವಾ ತ್ರೈಮಾಸಿಕಕ್ಕೆ ಅಳೆಯುವುದರಿಂದ ಕೊನೆಯ ವಾರದ ಒತ್ತಡ ವಿಪರೀತವಾಗಿರುತ್ತದೆ. ಭಾರತದಲ್ಲಿ ಮಾರ್ಚ್ 31ಕ್ಕೆ ಮೊದಲಿನ ಹತ್ತು ದಿನಗಳಲ್ಲಿ ರಿಯಾಯಿತಿಗಳು ಧಾರಾಳವಾಗುತ್ತವೆ. ಇದನ್ನು ಬಲ್ಲ ವ್ಯಾಪಾರಿಗಳು ಜನವರಿಯಲ್ಲಿ ಡೆಮೊ ನೋಡಿ ಮಾರ್ಚ್ ಕೊನೆಯವರೆಗೆ ಕಾಯುತ್ತಾರೆ. ಏಪ್ರಿಲ್ ಒಂದರಂದು ಎಲ್ಲರ ಲೆಕ್ಕವೂ ಮತ್ತೆ ಸೊನ್ನೆಯಿಂದ ಆರಂಭ.

ಕಾನೂನಿನಲ್ಲಿ ಸ್ಥಾನ

1994ರಲ್ಲಿ ಎಚ್. ಆರ್. ಅಡ್ಯಂತಾಯ ಮತ್ತು ಸ್ಯಾಂಡೋಜ್ ಸಂಸ್ಥೆಯ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಾರಾಟ ಪ್ರವರ್ತನೆಯ ಕೆಲಸ ಮಾಡುವ ವೈದ್ಯಕೀಯ ಪ್ರತಿನಿಧಿಗಳು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲವೆಂದು ತೀರ್ಪಿತ್ತಿತು. ಅಂತಹ ನೌಕರರಿಗಾಗಿಯೇ ರೂಪಿತವಾದ 1976ರ ಮಾರಾಟ ಪ್ರವರ್ತನಾ ನೌಕರರ ಕಾಯ್ದೆ ಮೊದಲಿಗೆ ಔಷಧ ಉದ್ಯಮಕ್ಕೆ ಅನ್ವಯಿಸುತ್ತಿತ್ತು. 2011ರಲ್ಲಿ ಅದನ್ನು ಇನ್ನು ಕೆಲವು ಉದ್ಯಮಗಳಿಗೆ ವಿಸ್ತರಿಸಿದಾಗ ಪಟ್ಟಿಯಲ್ಲಿ ಎಲೆಕ್ಟ್ರಾನಿಕ್ಸ್, ಗಣಕಯಂತ್ರ ಮತ್ತು ಅದರ ಬಿಡಿಭಾಗಗಳು ಸೇರಿದವು. ತಂತ್ರಾಂಶದ ಹೆಸರು ಪ್ರತ್ಯೇಕವಾಗಿ ಬರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಮಾರಾಟ ಪ್ರವರ್ತನಾ ನೌಕರರನ್ನು ಕಾರ್ಮಿಕರೆಂಬ ವ್ಯಾಖ್ಯೆಯೊಳಗೆ ತಂದಿದೆಯಾದರೂ ಅದಕ್ಕೆ 1976ರ ಕಾಯ್ದೆಯ ಅರ್ಥವನ್ನೇ ಆಧಾರವಾಗಿಟ್ಟುಕೊಂಡಿದೆ. ಗುರಿ ಮುಟ್ಟದ ಕಾರಣಕ್ಕೆ ರಾಜೀನಾಮೆ ಕೇಳಿಸಿಕೊಂಡ ತಂತ್ರಾಂಶ ಮಾರಾಟಗಾರನೊಬ್ಬ ಕಾರ್ಮಿಕ ಇಲಾಖೆಯ ಮೆಟ್ಟಿಲೇರಿದರೆ ಮೊದಲು ಎದುರಾಗುವ ಪ್ರಶ್ನೆಯೇ ಇದು.

ಕರ್ನಾಟಕ ಸರ್ಕಾರವು ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಿಗೆ 1946ರ ಕೈಗಾರಿಕಾ ಉದ್ಯೋಗ (ಸ್ಥಾಯೀ ಆದೇಶಗಳು) ಕಾಯ್ದೆಯಿಂದ ವಿನಾಯಿತಿ ನೀಡಿ, 2014, 2019 ಮತ್ತು 2024ರಲ್ಲಿ ಷರತ್ತುಗಳೊಂದಿಗೆ ಮುಂದುವರಿಸಿತು. ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿ, ಕುಂದುಕೊರತೆ ನಿವಾರಣಾ ಸಮಿತಿಗಳ ರಚನೆ, ವಜಾದಂತಹ ಶಿಸ್ತುಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸುವುದು ಅವುಗಳಲ್ಲಿ ಸೇರಿದ್ದವು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯಿದೆ. 2024ರ ಜುಲೈಯಲ್ಲಿ ಈ ಉದ್ಯಮದ ದಿನದ ಅವಧಿಯನ್ನು 14 ಗಂಟೆಗಳವರೆಗೆ ವಿಸ್ತರಿಸುವ ಪ್ರಸ್ತಾವ ಬಂದಾಗ ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ (ಕಿಟು) ಪ್ರತಿಭಟಿಸಿತು.

ಸಂಸ್ಥೆ ಬದಲಾಯಿಸುವಾಗ ಗ್ರಾಹಕರ ಪಟ್ಟಿಯ ವಿಷಯದಲ್ಲಿ ತಕರಾರು ಏಳುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 27ನೆಯ ವಿಧಿಯ ಪ್ರಕಾರ ವೃತ್ತಿ ನಡೆಸುವುದನ್ನು ತಡೆಯುವ ಕರಾರು ಅನೂರ್ಜಿತ. ಆದ್ದರಿಂದ ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿ ಸಂಸ್ಥೆಗೆ ಸೇರಬಾರದೆಂಬ ಷರತ್ತನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಎತ್ತಿಹಿಡಿಯುವುದಿಲ್ಲ. ಕೆಲಸದಲ್ಲಿರುವಾಗ ಹೇರಿದ ನಿರ್ಬಂಧವನ್ನೂ ಗೋಪ್ಯ ಮಾಹಿತಿಯ ರಕ್ಷಣೆಯನ್ನೂ ಒಪ್ಪುತ್ತವೆ. ಸಂಸ್ಥೆಯ ಗಣಕಯಂತ್ರದಿಂದ ಗ್ರಾಹಕರ ದಾಖಲೆಯನ್ನು ನಕಲು ಮಾಡಿಕೊಂಡು ಹೋಗುವುದು ತಪ್ಪು. ಹತ್ತು ವರ್ಷ ಒಂದೇ ರಸ್ತೆಯಲ್ಲಿ ತಿರುಗಿದವನಿಗೆ ಯಾವ ಅಂಗಡಿಯ ಆಡಿಟರ್ ಯಾರು ಎಂಬುದು ನೆನಪಿರುವುದನ್ನು ಯಾವ ಕರಾರೂ ತಡೆಯಲಾರದು.